ಕೇಳಬಾರದಿದ್ದ ಪ್ರಶ್ನೆ

‘ದಾಸೋಹಂ’ ಎಂದರೆ ‘ನಾನು ದಾಸ’ ಎಂದರ್ಥ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ನೀಡುವವನ ತಲೆ ಬಾಗಿರಬೇಕು. ಇದನ್ನು ನಾವು ಅನೇಕ ವೇದಿಕೆಗಳಲ್ಲಿ ಹೇಳಿದ್ದೇವೆ. ಆದರೆ ಅದರ ಅರಿವು ನಮಗಾದದ್ದು 2020ರಲ್ಲಿ.

ಆ ವರ್ಷ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಗಿ ದುಡಿಮೆ ನಿಂತಾಗ, ನಮ್ಮೂರಿನ ಸದ್ಭಕ್ತರು ಕೂಡಿ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಿದರು. ನಾವೂ ಸೇವೆಗೆ ನಿಂತೆವು. ಮೇ ತಿಂಗಳಲ್ಲೊಂದು ದಿನ, ಇಸ್ತ್ರಿಯ ಅಂಗಿ ತೊಟ್ಟ ಗೃಹಸ್ಥರೊಬ್ಬರು ಬೈಕಿನಿಂದಿಳಿದು ಸಾಲಿನಲ್ಲಿ ನಿಂತರು. “ತಮಗೂ ಇದು ಬೇಕಾಯಿತೆ?” ಎಂದುಬಿಟ್ಟೆವು. ಅವರು ಏನೂ ನುಡಿಯದೆ ಹೊರಟುಹೋದರು. ಖಾಸಗಿ ಶಾಲೆಯೊಂದರ ಶಿಕ್ಷಕರು, ಎರಡು ತಿಂಗಳಿಂದ ಸಂಬಳವಿಲ್ಲ ಎಂಬುದು ಬಳಿಕ ತಿಳಿಯಿತು. ಸಂಜೆ ನಾವೇ ಚೀಲ ಹೊತ್ತು ಅವರ ಮನೆಗೆ ಹೋದೆವು. ಅವರ ಪತ್ನಿ ಹೊಸ್ತಿಲಲ್ಲೇ ಕೈಮುಗಿದು, “ಬೇಡ ಶಾಸ್ತ್ರಿಗಳೆ, ಬೇರೆ ಯಾರಿಗಾದರೂ ಕೊಡಿ” ಎಂದರು.

ಆ ರಾತ್ರಿ ನಮ್ಮ ಬಾಲ್ಯ ನೆನಪಾಯಿತು. ಮಠದ ಪ್ರಸಾದ ನಿಲಯದಲ್ಲಿ ನಾವು 8 ವರ್ಷ ಉಂಡವರು. ತಂದೆಯವರಿಗೆ 4 ಎಕರೆ ಹೊಲವಿತ್ತು. ಆದರೂ ‘ನಿನಗೇಕೆ ಮಠದ ಅನ್ನ?’ ಎಂದು ಯಾರೂ ಕೇಳಲಿಲ್ಲ. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಬಡಿಸುವುದೇ ಅಲ್ಲಿನ ಕ್ರಮವಾಗಿತ್ತು. ಆ ಅನ್ನದಿಂದ ಬೆಳೆದ ನಾಲಗೆಯೇ ಆ ಪ್ರಶ್ನೆ ಕೇಳಿತ್ತು!

ಹಸಿವು ಅಂಗಿಯ ಮೇಲೆ ಕಾಣುವುದಿಲ್ಲ. ಹಸಿಯದವನೊಬ್ಬ ಒಯ್ದರೆ ಒಂದು ಚೀಲ ಅಕ್ಕಿ ಹೋದೀತು. ಹಸಿದವನೊಬ್ಬ ನಾಚಿ ಹಿಂದಿರುಗಿದರೆ ದಾಸೋಹವೇ ಹೋಗುತ್ತದೆ. ಭಕ್ತಬಾಂಧವರು ನಮ್ಮ ತಪ್ಪಿನಿಂದಲಾದರೂ ಇದನ್ನು ಮನಗಾಣಲಿ.