ಹೊಸ್ತಿಲು ಬಿಟ್ಟು ಕೂತವನು

ತುಮಕೂರು ಸೀಮೆಯ ಒಂದು ಹಳ್ಳಿ ಎಂದುಕೊಳ್ಳಿ. ರಾತ್ರಿ ಹತ್ತು ದಾಟಿದೆ. ಹೆಂಚಿನ ಮನೆಯೊಂದರ ಮುಂದೆ ಅರ್ಧ ಕೇರಿ ನೆರೆದಿದೆ, ಆ ಗುಂಪಿನಲ್ಲಿ ನೀವೂ ಇದ್ದೀರಿ. ಒಳಗೆ ಪಾತ್ರೆ ಉರುಳಿದ ಸದ್ದು, ಹುಡುಗನ ಕೂಗು. ಅವನು ನಿದ್ದೆ ಮಾಡಿ ಮೂರು ದಿನವಾಯಿತಂತೆ. ಜಗಲಿಯ ಮೇಲೆ ಸೋದರಮಾವ ದನ ಕಟ್ಟುವ ಹಗ್ಗ ಹಿಡಿದು ನಿಂತಿದ್ದಾನೆ. 'ಕಟ್ಟಾಕ್ಬುಡಾಣ, ಬೆಳಿಗ್ಗೆ ನೋಡ್ಕಂಡ್ರಾಯ್ತು.'

ಆಶಾ ಕಾರ್ಯಕರ್ತೆ ಆಗಲೇ 14416ಕ್ಕೆ ಫೋನ್ ಮಾಡಿದ್ದಾರೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್; ಹಗಲು ರಾತ್ರಿ, ಕನ್ನಡದಲ್ಲೂ ಸಿಗುವ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಜೊತೆಗೆ ಪಕ್ಕದೂರಿನ ಒಬ್ಬನಿಗೂ ಹೇಳಿಕಳಿಸಿದ್ದಾರೆ. ಬೈಕಿನಿಂದ ಇಳಿಯುವ ಅವನು ಗಾರೆ ಕೆಲಸದವನು, ಇಂಥದೇ ಮನೋರೋಗದಲ್ಲಿ ಬಿದ್ದು ಎದ್ದವನು.

ಮೊದಲು ಮಾವನ ಹತ್ತಿರ ಹೋಗುತ್ತಾನೆ. 'ಮಾವ, ಹಗ್ಗ ಇತ್ಲಾಗೆ ಕೊಡಿ. ನನ್ನೂ ಕಟ್ಟಿದ್ರು. ಕೈ ಗಾಯ ವಾಸಿಯಾಯ್ತು, ಕಟ್ಟಿದೋರನ್ನ ಕಂಡ್ರೆ ಇವತ್ತಿಗೂ ಎದೆ ನಡುಗುತ್ತೆ.' ಮನೋರೋಗಿಯನ್ನು ಸರಪಳಿ ಹಾಕಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಕಾಯ್ದೆಯ ಹೆಸರನ್ನೇ ಕೇಳಿರದ ಮಾವ ಈ ಮಾತಿಗೆ ಹಗ್ಗ ಬಿಡುತ್ತಾನೆ.

ಆಮೇಲೆ ನೋಡಿ ಬಂದವನ ಕಸುಬು. ಮಚ್ಚು, ಕುಡುಗೋಲು ಹೊರಗೆ ತರಿಸುತ್ತಾನೆ. ಟಿ.ವಿ. ಆರಿಸುತ್ತಾನೆ. ಜನರನ್ನು ಬೇಲಿಯಾಚೆ ಕಳಿಸುವಂತೆ ಆಶಾ ಅಕ್ಕನಿಗೆ ಹೇಳುತ್ತಾನೆ. ನೀವೂ ಹಿಂದೆ ಸರಿಯುತ್ತೀರಿ. ಅವನು ಒಳಗೆ ಹೋಗಿ, ಹೊಸ್ತಿಲಿಗೆ ಅಡ್ಡವಾಗದೆ, ಗೋಡೆಗೊರಗಿ ನೆಲದ ಮೇಲೆ ಕೂರುತ್ತಾನೆ. ಹೊರಗೋಡುವ ದಾರಿ ತೆರೆದಿದೆ ಎಂದು ಗೊತ್ತಿದ್ದರೆ ಹೆದರಿದವನ ಮೈ ತುಸು ಸಡಿಲಾಗುತ್ತದೆ.

ಬಹಳ ಹೊತ್ತು ಮಾತಿಲ್ಲ.

'ಅವ್ರು ಬೈತಾವ್ರೆ, ನಿಂಗೆ ಕೇಳಿಸ್ತಿಲ್ವಾ?' ಹುಡುಗ ಕಿರುಚುತ್ತಾನೆ.

'ಇಲ್ಲ ಕಣಪ್ಪ, ನಂಗೆ ಕೇಳಿಸ್ತಿಲ್ಲ. ನಂಗೂ ಆಗ ಹಿಂಗೇ ಕೇಳಿಸ್ತಿತ್ತು. ಎಷ್ಟು ಭಯ ಆಗುತ್ತೆ ಅಂತ ಗೊತ್ತು.'

ಸುಳ್ಳು ಹೇಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಬೇಲಿಯಾಚೆ ನಿಂತ ನಿಮ್ಮ ಮೈಯನ್ನು ಮುಂದಿನ ಪ್ರಶ್ನೆ ಜುಮ್ಮೆನಿಸುತ್ತದೆ: 'ಸಾಯ್ಬೇಕು ಅನ್ನಿಸ್ತಾ ಇದ್ಯಾ?' ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹುಡುಗ ಕುಸಿದು ಕೂತು ಅಳುತ್ತಾನೆ. ತಾಯಿ ನೀರಿನ ಚೊಂಬು ಒಳಗೆ ಸರಿಸುತ್ತಾಳೆ.

ನಸುಕಿಗೆ ಆಸ್ಪತ್ರೆಗೆ ಹೋಗಲು ಆಟೋ ಬರುತ್ತದೆ. 'ಅಣ್ಣ, ನೀನೂ ಬರ್ತೀಯ ಅಲ್ವಾ?' ಎಂದು ಕೇಳಿಯೇ ಹುಡುಗ ಹತ್ತುತ್ತಾನೆ. ಯಾವ ಮಾತ್ರೆ, ಎಷ್ಟು ಎಂಬುದಕ್ಕೆ ಗಾರೆಯವನು ಬಾಯಿ ಹಾಕುವುದಿಲ್ಲ, ಅದು ವೈದ್ಯರ ಕೆಲಸ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವುದು ಇವನದು.

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವುದು ಕರ್ನಾಟಕಕ್ಕೆ ಹೊಸದಲ್ಲ. ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಆ ಕೆಲಸಕ್ಕೆ ಇಳಿಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ರೂಪುಗೊಂಡ ಮಾದರಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಕಾಯಿಲೆಯಿಂದ ಎದ್ದು ಬಂದವರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಆ ಗಾರೆಯವನ ಒಂದು ದಿನದ ಕೂಲಿ ಹೋಯಿತು. ನಿಮ್ಮೂರಲ್ಲೂ ಇಂಥವರು ಇರುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅವರಿಗೆ ತರಬೇತಿ ಕೇಳಿ, ಸಂಬಳವನ್ನೂ ಕೇಳಿ.