ಚಿತ್ರವನ್ನು ನೋಡಿ, ಕತೆಯನ್ನು ಕೇಳಿ

ಬರೆಯಬೇಕೆಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಆದರೆ ಖಾಲಿ ಹಾಳೆಯ ಮುಂದೆ ಕುಳಿತರೆ ಒಂದು ಸಾಲೂ ಹೊಳೆಯುವುದಿಲ್ಲ. 'ಏನು ಬರೆಯಲಿ ಟೀಚರ್?' ಎಂದು ಮಕ್ಕಳು ಕೇಳುತ್ತಾರೆ. ಮನೆಯಲ್ಲಿ ಬಿಡುವು ಸಿಕ್ಕಾಗ ನಾಲ್ಕಕ್ಷರ ಗೀಚುವ ಸಹೋದರಿಯರೂ ಇದನ್ನೇ ಕೇಳುತ್ತಾರೆ. ಅವರಿಗೆಲ್ಲ ನಾನು ಹೇಳುವುದಿಷ್ಟೆ: ಒಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳಿ.

ಮದ್ರಸದಲ್ಲಿ ಕಲಿತು, ಆ ಬಳಿಕ ಬಿ.ಎ. ಮುಗಿಸಿ ಶಿಕ್ಷಕಿಯಾದ ನನಗೆ ಚಿತ್ರಗಳ ನಂಟು ತಡವಾಗಿ ಒದಗಿತು. ನಾನು ಬೆಳೆದ ಮನೆಯ ಗೋಡೆಯಲ್ಲಿ ಕಅಬಾದ ಚಿತ್ರವಿದ್ದ ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇರಲಿಲ್ಲ. ಮನುಷ್ಯರ ಚಿತ್ರ ತೂಗುಹಾಕುವುದನ್ನು ಹಿರಿಯರು ಒಪ್ಪುತ್ತಿರಲಿಲ್ಲ. ಶಾಲೆಯಲ್ಲಿ ಪ್ರಬಂಧ ಬರೆಸಲು ತೊಡಗಿದಾಗಲೇ ನನಗೆ ಚಿತ್ರಗಳ ಅಗತ್ಯ ಕಂಡದ್ದು. 'ಮಳೆಗಾಲ' ಎಂಬ ವಿಷಯ ಕೊಟ್ಟರೆ ನಲ್ವತ್ತು ಮಕ್ಕಳೂ ಗೈಡಿನಲ್ಲಿದ್ದುದನ್ನೇ ಬರೆದು ತರುತ್ತಿದ್ದರು. ಹಾಗಾಗಿ ಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡೆ.

ನಮ್ಮ ಕ್ರಮ ಸರಳ. ಮೊದಲ ಹತ್ತು ನಿಮಿಷ ಪೆನ್ನು ಮುಟ್ಟುವಂತಿಲ್ಲ, ನೋಡಬೇಕು ಅಷ್ಟೆ. ಬಳಿಕ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಕೊನೆಗೆ ಚಿತ್ರವನ್ನು ಒಂದು ಪ್ರಶ್ನೆ ಕೇಳಬೇಕು. ಮೀನು ಮಾರುವ ಹೆಂಗಸಿನ ಚಿತ್ರವೊಂದನ್ನು ಕೊಟ್ಟಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: 'ಬುಟ್ಟಿ ಖಾಲಿಯಾಗಿದೆ. ಆದರೂ ಇವರು ಇನ್ನೂ ಯಾಕೆ ಕೂತಿದ್ದಾರೆ?' ಅದು ನನಗೂ ಕಂಡಿರಲಿಲ್ಲ. ಆ ಒಂದು ಪ್ರಶ್ನೆಯಿಂದ ಅವಳು ಎರಡು ಪುಟದ ಕತೆ ಬರೆದಳು. ಅಂತಹ ಕತೆ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆಯೂ ಬೇಕು. ಚಿತ್ರ ನೋಡಿ ನಮಗೆ ತೋಚಿದ್ದೆಲ್ಲವೂ ಅದರಲ್ಲಿರುವವರ ಬದುಕಾಗಿರಬೇಕೆಂದಿಲ್ಲ. 1984ರಲ್ಲಿ ಪಾಕಿಸ್ತಾನದ ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ಡೇರೆಯೊಂದರೊಳಗೆ ಶಾಲೆ ನಡೆಯುತ್ತಿತ್ತು. ಅಲ್ಲಿದ್ದ ಅಫ್ಘಾನ್ ಬಾಲಕಿಯೊಬ್ಬಳ ಫೋಟೋವನ್ನು ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕರಿ ತೆಗೆದರು. 1985ರ ಜೂನ್‌ನಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಮುಖಪುಟದಲ್ಲಿ ಅದು ಅಚ್ಚಾಯಿತು. ತೂತು ಬಿದ್ದ ಕೆಂಪು ಶಾಲು, ನೆಟ್ಟ ನೋಟದ ಹಸಿರು ಕಣ್ಣುಗಳು. ಆ ಕಣ್ಣುಗಳಲ್ಲಿ ಯುದ್ಧದ ಭಯವಿದೆ ಎಂದರು, ಅನಾಥೆಯ ದುಃಖವಿದೆ ಎಂದರು. ಆಕೆಯ ಹೆಸರು ಮಾತ್ರ ಆ ಓದುಗರಿಗೆ ತಿಳಿದಿರಲಿಲ್ಲ.

2002ರಲ್ಲಿ ಮೆಕರಿ ಮತ್ತು ಸಂಗಡಿಗರು ಆಕೆಯನ್ನು ಹುಡುಕಿ ಕಂಡುಕೊಂಡರು. ಹೆಸರು ಶರ್ಬತ್ ಗುಲಾ. ಅಷ್ಟರಲ್ಲಿ ಆಕೆ ಮಕ್ಕಳ ತಾಯಿ. ಜಗತ್ತೆಲ್ಲ ನೋಡಿದ ತನ್ನ ಚಿತ್ರವನ್ನು ಆಕೆ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಫೋಟೋ ತೆಗೆದ ದಿನದ ಬಗ್ಗೆ ಆಕೆಗೆ ನೆನಪಿದ್ದದ್ದು ಸಿಟ್ಟು. ಅಪರಿಚಿತ ಗಂಡಸೊಬ್ಬ ತನ್ನ ಫೋಟೋ ತೆಗೆದನೆಂಬ ಸಿಟ್ಟು. 2016ರಲ್ಲಿ ಸುಳ್ಳು ಗುರುತಿನ ಚೀಟಿಯ ಆರೋಪದಲ್ಲಿ ಪಾಕಿಸ್ತಾನದಲ್ಲಿ ಬಂಧಿತಳಾಗಿ ಆಕೆ ಅಫ್ಘಾನಿಸ್ತಾನಕ್ಕೆ ಕಳುಹಿಸಲ್ಪಟ್ಟಳು. 2021ರಲ್ಲಿ ಇಟಲಿ ಆಶ್ರಯ ನೀಡಿತು. ಈ ಕತೆ ಕೇಳಿದಾಗ ನನ್ನ ತರಗತಿಯ ಹುಡುಗಿಯರು ಬಹಳ ಹೊತ್ತು ಮಾತಾಡಲಿಲ್ಲ. ಅಂದಿನಿಂದ ನಾವೊಂದು ನಿಯಮ ಮಾಡಿಕೊಂಡಿದ್ದೇವೆ. ಊಹಿಸಿ ಬರೆಯುವಾಗ ಪಾತ್ರಕ್ಕೆ ಬೇರೆಯೇ ಹೆಸರಿಡಬೇಕು. ಚಿತ್ರದಲ್ಲಿರುವವರು ನಿಜವಾಗಿ ಯಾರೆಂದು ತಿಳಿಯುವ ದಾರಿಯಿದ್ದರೆ ಮೊದಲು ಅವರ ಮಾತನ್ನು ಕೇಳಬೇಕು.

ಇನ್ನು, ಬರೆಯಬೇಕಾದವರ ಚಿತ್ರವೇ ಇಲ್ಲದಿದ್ದರೆ? ಕಲಾವಿದ ಎಂ.ಎಫ್. ಹುಸೇನ್ ಮಗುವಾಗಿದ್ದಾಗಲೇ ತಾಯಿ ಝೈನಬ್‌ರನ್ನು ಕಳೆದುಕೊಂಡರು. ತಾಯಿಯ ಮುಖ ಅವರಿಗೆ ನೆನಪಿರಲಿಲ್ಲ. ಮುಂದೆ ಅವರು ರಚಿಸಿದ ಮದರ್ ತೆರೇಸಾ ಸರಣಿಯ ಚಿತ್ರಗಳಲ್ಲಿ ನೀಲಿ ಅಂಚಿನ ಬಿಳಿ ಸೀರೆಯಿದೆ, ಮಗುವನ್ನು ಹಿಡಿದ ಕೈಗಳಿವೆ, ಮುಖವಿಲ್ಲ. ಆದರೂ ಅಲ್ಲಿ ತಾಯಿಯಿದ್ದಾಳೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನನ್ನ ಅಜ್ಜಿಯದ್ದೂ ಒಂದೇ ಒಂದು ಫೋಟೋ ಇಲ್ಲ. ಹುಸೇನರ ಆ ಚಿತ್ರದ ಅಚ್ಚುಪ್ರತಿ ನೋಡಿದ ರಾತ್ರಿ ನಾನು ಅಜ್ಜಿಯ ಬಗ್ಗೆ ಒಂದು ಪುಟ ಬರೆದೆ. ನನಗೆ ನೆನಪಿಲ್ಲದ ಮುಖವನ್ನು ವರ್ಣಿಸಲು ಹೋಗಲಿಲ್ಲ. ರೊಟ್ಟಿ ತಟ್ಟುವ ಕೈ, ಎಲೆಯಡಿಕೆಯ ಡಬ್ಬಿ, ನಮಾಝಿನ ಬಿಳಿ ಬಟ್ಟೆಯಲ್ಲಿದ್ದ ಕರ್ಪೂರದ ವಾಸನೆ, ಇಷ್ಟನ್ನೇ ಬರೆದು ಉಮ್ಮನಿಗೆ ಓದಿ ಹೇಳಿದೆ. ಉಮ್ಮ ಕಣ್ಣೊರೆಸಿಕೊಂಡು, "ಅವರ ಎಡಗೈ ಬೆರಳಲ್ಲಿ ಕತ್ತಿ ತಾಗಿದ ಗುರುತಿತ್ತು. ಅದನ್ನೂ ಸೇರಿಸು" ಎಂದರು. ಆ ಗುರುತು ಹೇಗೆ ಬಂತೆಂದು ಹೇಳಲು ತೊಡಗಿದವರು ಇಶಾ ಬಾಂಗ್ ಕೇಳುವವರೆಗೂ ನಿಲ್ಲಿಸಲಿಲ್ಲ. ನನಗೆ ಗೊತ್ತೇ ಇರದಿದ್ದ ಒಬ್ಬ ಅಜ್ಜಿ ಅಂದು ನನಗೆ ಸಿಕ್ಕಿದರು.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೆಯ ಮದುವೆಯ ಆಲ್ಬಮ್ ಇರಬಹುದು, ಗಲ್ಫಿನಿಂದ ಪತ್ರದ ಜೊತೆ ಬಂದ ಫೋಟೋಗಳಿರಬಹುದು. ಅವುಗಳಲ್ಲಿರುವ ಎಲ್ಲರ ಹೆಸರು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಈ ರಜೆಯಲ್ಲಿ ಮಕ್ಕಳನ್ನು ಅವರ ಪಕ್ಕದಲ್ಲಿ ಕುಳ್ಳಿರಿಸಿ. 'ಇವರು ಯಾರು? ಆ ದಿನ ಏನಾಯಿತು?' ಎಂದು ಕೇಳಿಸಿ. ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಸಿ, ಕೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿ. ನೀವೂ ಜೊತೆಗೆ ಕುಳಿತು ಒಂದು ಪುಟ ಬರೆಯಿರಿ.