ಹಬ್ಬ ಮುಗಿದ ಮೇಲಿನ ಪ್ರಸಾದ



ಹಬ್ಬದ ದಿನ ಸಂತೋಷದಿಂದಿರುವುದು ಸುಲಭ. ಮನೆ ತುಂಬಿರುತ್ತದೆ, ಒಲೆ ಉರಿಯುತ್ತಿರುತ್ತದೆ, ಬಡಿಸುವವರೂ ಇರುತ್ತಾರೆ, ಉಣ್ಣುವವರೂ ಇರುತ್ತಾರೆ. ಹಬ್ಬ ಮುಗಿದು ಬಂದವರೆಲ್ಲ ಹೊರಟುಹೋದ ಮೇಲೆ ಆ ಸಂತೋಷ ಎಲ್ಲಿಗೆ ಹೋಗುತ್ತದೆ? ಬಂದವರ ಜೊತೆಯಲ್ಲಿಯೇ ಹೊರಟುಹೋಗುವುದಾದರೆ ಅದು ನಮ್ಮದಾಗಿರಲಿಲ್ಲವೆಂದೇ ಅರ್ಥ. 12ನೆಯ ಶತಮಾನದ ಶಿವಶರಣರು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಪ್ರಸಾದ ತತ್ತ್ವ.

ತುಂಗಭದ್ರೆಯ ದಡದ ಸೀಮೆಯಲ್ಲಿರುವ ಹಲವಾಗಲು ಹರಪನಹಳ್ಳಿ ತಾಲ್ಲೂಕಿನ ಒಂದು ಗ್ರಾಮ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು; 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು; 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಮೂರು ಸಲ ಬದಲಾದರೂ ಮಾಗಿಯ ಚಳಿ ಬದಲಾಗಲಿಲ್ಲ. ದೀಪಾವಳಿಯಿಂದ ಮೊದಲಾದ ಹಬ್ಬಗಳ ಸಾಲು ಎಳ್ಳಮಾವಾಸ್ಯೆಯನ್ನು ದಾಟಿ ಸಂಕ್ರಾಂತಿಗೆ ಬಂದು ನಿಲ್ಲುತ್ತದೆ. ಮುಂದೆ ಮಾಘಮಾಸದಲ್ಲಿ ಮೈಲಾರದ ಜಾತ್ರೆ, ಕೊಟ್ಟೂರು ಗುರುಬಸವೇಶ್ವರರ ರಥೋತ್ಸವ, ಮಹಾಶಿವರಾತ್ರಿ ಬರುತ್ತವೆ. ಇವೆರಡರ ನಡುವೆ ಹಬ್ಬವೂ ಇಲ್ಲದ, ಜಾತ್ರೆಯೂ ಇಲ್ಲದ ಕೆಲವು ಬರಿಯ ದಿನಗಳಿವೆ. ಸಾಧಕನ ಪರೀಕ್ಷೆ ನಡೆಯುವುದು ಈ ದಿನಗಳಲ್ಲಿ.

ಇಂದು ಈ ಸೀಮೆಯ ಯಾವ ಓಣಿಗೆ ಹೋದರೂ ಇಂಥ ಒಬ್ಬ ತಾಯಿ ಕಾಣಸಿಗುತ್ತಾಳೆ. ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ದಾವಣಗೆರೆಯಲ್ಲಿ. ಸಂಕ್ರಾಂತಿಗೆ ಎಲ್ಲರೂ ಬಂದಿದ್ದರು. ಹೊಳೆಯಲ್ಲಿ ಮಿಂದು, ದಡದಲ್ಲಿ ಬುತ್ತಿ ಬಿಚ್ಚಿ ಉಂಡಿದ್ದರು. ಮರುದಿನ ಕರಿ ಎಂದು ಯಾರೂ ಪ್ರಯಾಣ ಹೊರಡಲಿಲ್ಲ. ಅದರ ಮರುದಿನ ಬೆಳಗಿನ ಬಸ್ಸಿಗೆ ಮನೆ ಬರಿದಾಯಿತು. ಆ ದಿನದಿಂದ ತಾಯಿ ಬಚ್ಚಲ ಒಲೆಗೆ ಬೆಂಕಿ ಹಾಕುವುದಿಲ್ಲ. ಒಬ್ಬಳಿಗಾಗಿ ಒಂದು ಹಂಡೆ ನೀರು ಏಕೆ ಕಾಯಿಸಬೇಕು ಎಂದು ತಣ್ಣೀರಿನಲ್ಲಿಯೇ ಮೀಯುತ್ತಾಳೆ. ಒಬ್ಬಳಿಗಾಗಿ ಏಕೆ ರೊಟ್ಟಿ ಬಡಿಯಬೇಕು ಎಂದು ಹಬ್ಬದ ಕಟಕು ರೊಟ್ಟಿಯನ್ನೇ ಮಜ್ಜಿಗೆಯಲ್ಲಿ ನೆನೆಸಿಕೊಳ್ಳುತ್ತಾಳೆ. ಸಂಜೆ ಮಗ ದೂರವಾಣಿಯಲ್ಲಿ “ಉಂಡೇನಬೇ ಯವ್ವಾ?” ಎಂದು ಕೇಳಿದರೆ “ಉಂಡೆನಪ್ಪಾ” ಎನ್ನುತ್ತಾಳೆ. ಅದು ಸುಳ್ಳೇನೂ ಅಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನೋಡುವವರಿಗೆ ಇದು ವೈರಾಗ್ಯದಂತೆ ಕಾಣಬಹುದು. ಶರಣರ ದೃಷ್ಟಿಯಲ್ಲಿ ಇದು ವೈರಾಗ್ಯವಲ್ಲ. ಬಸವಣ್ಣನವರು ಈ ದೇಹವನ್ನೇ ದೇಗುಲವಾಗಿ ಕಂಡರು. ಕಲ್ಲಿನ ಗುಡಿಗೆ ಭಕ್ತರು ಬರಲಿ, ಬರದಿರಲಿ, ಅರ್ಚಕನು ಬೆಳಿಗ್ಗೆ ಕಸ ಗುಡಿಸಿ ದೀಪ ಹಚ್ಚುವುದನ್ನು ಬಿಡುವುದಿಲ್ಲ. ಜಾತ್ರೆ ಮುಗಿಯಿತೆಂದು ಗುಡಿಯ ಬಾಗಿಲು ಮುಚ್ಚುವುದುಂಟೆ? ಇಷ್ಟಲಿಂಗವನ್ನು ಧರಿಸಿದ ಅಂಗವು ಎಂದಿಗೂ ಒಂಟಿಯಲ್ಲ. ಆ ತಾಯಿ ಕಾಯಿಸುವ ನೀರು ಅವಳೊಬ್ಬಳ ಮೈಗೆ ಮಾತ್ರವಲ್ಲ, ಪೂಜೆಗೆ ಸಿದ್ಧವಾಗುವ ದೇಗುಲದ ಶುದ್ಧಿಗೂ ಹೌದು. ಅವಳು ಬಡಿಯುವ ಒಂದೇ ಒಂದು ಬಿಸಿ ರೊಟ್ಟಿ ಮೊದಲು ಲಿಂಗಕ್ಕೆ ಅರ್ಪಿತವಾಗಿ, ಅನಂತರ ಅವಳಿಗೆ ಪ್ರಸಾದವಾಗಿ ಬರುತ್ತದೆ. ಆದ್ದರಿಂದ “ಒಬ್ಬಳಿಗಾಗಿ ಏಕೆ” ಎಂಬ ಮಾತು ಲಿಂಗವಂತರಿಗೆ ಸಲ್ಲದು.

ಷಟ್‌ಸ್ಥಲದಲ್ಲಿ ಭಕ್ತ, ಮಹೇಶಗಳ ನಂತರ ಬರುವುದು ಪ್ರಸಾದಿಸ್ಥಲ. ಷಟ್‌ಸ್ಥಲ ಶಾಸ್ತ್ರವನ್ನು ವ್ಯವಸ್ಥಿತಗೊಳಿಸಿದ ಚನ್ನಬಸವಣ್ಣನವರು ಇಂದ್ರಿಯಗಳನ್ನು ಶತ್ರುಗಳೆಂದು ದೂರ ತಳ್ಳಲಿಲ್ಲ; ಒಂದೊಂದು ಇಂದ್ರಿಯದಲ್ಲಿಯೂ ಒಂದೊಂದು ಲಿಂಗವನ್ನು ನೆಲೆಗೊಳಿಸಿದರು. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ, ತೃಪ್ತಿಗಳೇ ಕ್ರಮವಾಗಿ ಅವುಗಳಿಗೆ ಸಲ್ಲುವ ಪದಾರ್ಥಗಳು. ಶಾಸ್ತ್ರವಾಗಿ ಓದಿದರೆ ಕಠಿಣವೆನಿಸುವ ಈ ವಿಚಾರವು ಮಾಗಿಯ ಒಂದು ಬೆಳಗಿನಲ್ಲಿ ತಾನಾಗಿಯೇ ತಿಳಿಯುತ್ತದೆ.

ಒಲೆಗೆ ಹಚ್ಚಿದ ಒಣಸೌದೆಯ ಹೊಗೆ, ಹಂಚಿನ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಯುವಾಗ ಏಳುವ ಕಂಪು ಆಚಾರಲಿಂಗಕ್ಕೆ ಅರ್ಪಿತ. ಎಳ್ಳು, ಸಜ್ಜೆಗಳು ಮೈಗೆ ಕಾವು ಕೊಡುವ ಧಾನ್ಯಗಳೆಂದು ಹಿರಿಯರು ಅವನ್ನು ಚಳಿಗಾಲದ ಊಟಕ್ಕೆ ಇರಿಸಿದರು. ಬದನೆಕಾಯಿ ಪಲ್ಯ, ಗುರೆಳ್ಳಿನ ಪುಡಿ, ಹೊಲದಿಂದ ಆಗತಾನೆ ಕಿತ್ತು ತಂದ ಹಸಿಕಡಲೆ, ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತೆಗೆದ ಸೀತನಿ ಇವೆಲ್ಲವೂ ಗುರುಲಿಂಗಕ್ಕೆ. ಇವುಗಳಲ್ಲಿ ಯಾವುದೂ ದುಬಾರಿಯಲ್ಲ. ಕಾಲಕ್ಕೆ ಸರಿಯಾಗಿ ಭೂಮಿ ಕೊಡುವಂಥವು.

ಹೊತ್ತು ಮೂಡುವ ಮುನ್ನ ಹೊಳೆಯ ಮೇಲೆ ಮಲಗಿದ ಮಂಜು, ಬಿಸಿಲೇರಿದಂತೆ ಅದು ಕರಗಿ ದಡದ ಮರಳು ಬೆಳ್ಳಗೆ ಕಾಣುವುದು, ಜೋಳದ ಗರಿಯ ಮೇಲಿನ ಇಬ್ಬನಿ ಶಿವಲಿಂಗಕ್ಕೆ ಸಂದ ರೂಪಗಳು. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಇದೇ ಹೊಳೆ ಪುಷ್ಯಮಾಸದಲ್ಲಿ ಇಳಿದು ತೆಳುವಾಗಿ, ತಿಳಿಯಾಗಿ ಹರಿಯುತ್ತದೆ. ಅಬ್ಬರವಡಗಿದ ಮೇಲೆಯೇ ತಳ ಕಾಣುವುದು ಎಂಬ ಪಾಠವನ್ನು ಅದು ಮಾತಿಲ್ಲದೆ ಹೇಳುತ್ತದೆ. ಕಣದಲ್ಲಿ ರಾಶಿ ತೂರುವ ಸದ್ದು, ದೂರದ ಕುರಿಹಟ್ಟಿಯ ಗಂಟೆಯ ನಾದ, ಮುಂಜಾನೆ ಪಕ್ಕದ ಮನೆಯಿಂದ ಕೇಳಿಬರುವ ವಚನಪಾರಾಯಣ ಪ್ರಸಾದಲಿಂಗಕ್ಕೆ ಸಲ್ಲುತ್ತವೆ.

ಇನ್ನು ಸ್ಪರ್ಶ. ಚಳಿಗಾಲದ ಸುಖಗಳಲ್ಲಿ ಇದೇ ದೊಡ್ಡದು. ಹಳೆಯ ಸೀರೆಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯಲ್ಲಿ ಸತ್ತ ಅತ್ತೆಯ ಸೀರೆಯೂ ಇರುತ್ತದೆ, ಮದುವೆಯಾಗಿ ಹೋದ ಮಗಳ ಲಂಗದ ಬಟ್ಟೆಯೂ ಇರುತ್ತದೆ. ಅದನ್ನು ಹೊದ್ದವರಿಗೆ ಮನೆತನವೇ ಬೆಚ್ಚಗೆ ತಬ್ಬಿದಂತೆ. ಬೆಳಗಿನ ಎಳೆಬಿಸಿಲಿಗೆ ಬೆನ್ನುಕೊಟ್ಟು ಕಟ್ಟೆಯ ಮೇಲೆ ಕುಳಿತ ಮುದುಕರ ಮುಖದಲ್ಲಿ ಕಾಣುವ ನೆಮ್ಮದಿಗೆ ಯಾರೂ ಬೆಲೆ ಕಟ್ಟಲಾರರು. ಆದರೆ ಸ್ಪರ್ಶಕ್ಕೆ ಅಧಿದೈವವಾದುದು ಜಂಗಮಲಿಂಗ ಎಂಬುದನ್ನು ಇಲ್ಲಿ ಮರೆಯಬಾರದು. ಜಂಗಮವೆಂದರೆ ಚಲಿಸುವುದು, ಬೆಚ್ಚನೆಯದು ಒಬ್ಬರ ಬಳಿಯೇ ನಿಲ್ಲಬಾರದು. ಕುರಿಮಂದೆಯೊಡನೆ ಬಯಲಿನಲ್ಲಿ ರಾತ್ರಿ ಕಳೆಯುವ ಕುರಿಗಾಹಿಗೆ, ಕಬ್ಬು ಕಡಿಯಲು ಊರು ಬಿಟ್ಟು ಗುಡಿಸಲಿನಲ್ಲಿ ಮಲಗುವ ತಾಂಡಾದ ಕುಟುಂಬಕ್ಕೆ ಇದೇ ಚಳಿ ಸುಖವಲ್ಲ, ಸಂಕಟ. ದೇವರ ದಾಸಿಮಯ್ಯನವರು ತಾವು ನೇಯ್ದ ವಸ್ತ್ರವನ್ನು ಜಂಗಮಕ್ಕಿತ್ತು ತವನಿಧಿಯನ್ನು ಪಡೆದರೆಂಬ ಕಥೆ ಭಕ್ತರಿಗೆಲ್ಲ ತಿಳಿದದ್ದೇ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಎರಡನೆಯ ಕಂಬಳಿ ಚಳಿಯಲ್ಲಿ ನಡುಗುವವನ ಹೆಗಲಿಗೆ ಸೇರಿದಾಗ ಮಾತ್ರ ಮೊದಲನೆಯ ಕಂಬಳಿ ಪ್ರಸಾದವಾಗುತ್ತದೆ.

ಹಾಗಾದರೆ ಸುಖಕ್ಕೆ ಮಿತಿ ಯಾವುದು? ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಬದುಕೇ ಉತ್ತರ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ನಿತ್ಯದ ಅಳತೆಗೆ ಮೀರಿದ್ದು ಎಂದು ಹೆಚ್ಚಿನದನ್ನು ಮರಳಿಸಿ ಬರುವಂತೆ ಹೇಳಿದವರು ಲಕ್ಕಮ್ಮ. ಆ ದಂಪತಿಗಳ ಮನೆಯಲ್ಲಿ ಬಡತನವಿತ್ತು, ಕೊರತೆ ಇರಲಿಲ್ಲ. ಹೃದಯದ ಮಹಾಲಿಂಗಕ್ಕೆ ಸಲ್ಲಬೇಕಾದ ತೃಪ್ತಿ ಎಂದರೆ ಇದೇ. ಹಬ್ಬವನ್ನು ನಿತ್ಯವೂ ಬಯಸುವವನು ಹೆಚ್ಚಿನ ಅಕ್ಕಿಯನ್ನು ಕೂಡಿಡುವವನಂತೆ. ನಿತ್ಯದ ರೊಟ್ಟಿಯಲ್ಲಿ ಪ್ರಸಾದವನ್ನು ಕಾಣುವವನಿಗೆ ಹಬ್ಬ ಬಂದರೂ ಸರಿ, ಹೋದರೂ ಸರಿ.

ಮಕ್ಕಳು ದೂರವಿರುವ ನೋವು ಈ ವಿಚಾರದಿಂದ ಪೂರ್ತಿ ಅಳಿಯುತ್ತದೆ ಎಂದು ಹೇಳಲಾಗದು. ಶರಣರೂ ಹಾಗೆ ಹೇಳಲಿಲ್ಲ. ನೋವಿರುವ ಮನೆಯಲ್ಲಿಯೂ ಒಲೆ ಉರಿಯಬೇಕು ಎಂಬುದಷ್ಟೇ ತಾತ್ಪರ್ಯ. ಆದ್ದರಿಂದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು ನಾಳೆ ಬೆಳಿಗ್ಗೆ ಹಂಡೆಗೆ ನೀರು ತುಂಬಲಿ, ಒಲೆ ಹಚ್ಚಲಿ. ಬಿಸಿನೀರಿನಲ್ಲಿ ಮಿಂದು, ವಿಭೂತಿ ಧರಿಸಿ, ಅಂಗೈಯ ಲಿಂಗಕ್ಕೆ ನೀರೆರೆದು ಪೂಜಿಸಲಿ. ಎರಡು ರೊಟ್ಟಿ ಬಡಿದು, ಒಂದನ್ನು ಲಿಂಗಾರ್ಪಿತ ಮಾಡಿ ತಾವು ಸ್ವೀಕರಿಸಲಿ. ಇನ್ನೊಂದನ್ನು ಕೂಲಿಗೆ ಹೊರಟ ನೆರೆಮನೆಯ ಹೆಣ್ಣುಮಗಳ ಬುತ್ತಿಗೆ ಹಾಕಲಿ. ದೂರದಲ್ಲಿರುವ ಮಕ್ಕಳು ಸಂಜೆ ಊಟದ ಮಾತಿನ ಜೊತೆಗೆ “ಇವತ್ತು ಬಿಸಿನೀರು ಕಾಸಿದ್ದೇನಬೇ?” ಎಂದೂ ಕೇಳಲಿ.

ಎಲ್ಲರ ಮನೆಯ ಒಲೆಯೂ ಬೆಚ್ಚಗಿರಲಿ, ಎಲ್ಲರ ಊಟವೂ ಪ್ರಸಾದವಾಗಲಿ.